ಕರೆಂಟ್ ಹೋದಾಗ ಪುಷ್ಪಮ್ಮನ ಸೋಲಾರ್

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ದೋಸೆ ಹಿಟ್ಟಿನ ಪುಷ್ಪಮ್ಮ ಅಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಅಕ್ಕಪಕ್ಕದ ಬೀದಿಗಳಿಗೆಲ್ಲ ಹಿಟ್ಟು ಹೋಗುವುದು ಅವಳ ಮನೆಯಿಂದಲೇ. ಈಗ ಹೊಸದಾಗಿ ಒಂದು ಹೋಟೆಲಿನವರೂ ಹಿಟ್ಟು ತರಿಸಿಕೊಳ್ಳತೊಡಗಿದ್ದರು. ಆ ಹೋಟೆಲು ಸುಮ್ಮನೆ ಸಿಕ್ಕಿದ್ದಲ್ಲ. "ಊರಿಗೆಲ್ಲ ಕರೆಂಟ್ ಹೋದ್ರೂ ನಮ್ ಗ್ರೈಂಡರ್ ನಿಲ್ಲಲ್ಲ ಸ್ವಾಮಿ, ತಾರಸಿ ಮೇಲೆ ಸೋಲಾರ್ ಇದೆ" ಎಂದು ಪುಷ್ಪಮ್ಮ ಎದೆ ತಟ್ಟಿ ಹೇಳಿ ಬಂದಿದ್ದಳು.

ಶನಿವಾರ ಬೆಳಗ್ಗೆ ಹನ್ನೊಂದರ ಹೊತ್ತು. ಗ್ರೈಂಡರ್‌ನಲ್ಲಿ ಉದ್ದು ಅರ್ಧ ನುಣ್ಣಗಾಗಿತ್ತು. ಪಕ್ಕದ ಡಬರಿಗಳಲ್ಲಿ ಅಕ್ಕಿ ನೆನೆದು ಕಾಯುತ್ತಿತ್ತು. ಗುರ್ ಅನ್ನುತ್ತಿದ್ದ ಗ್ರೈಂಡರ್ ಇದ್ದಕ್ಕಿದ್ದಂತೆ ಗೊಕ್ ಅಂದು ನಿಂತಿತು. ಫ್ಯಾನೂ ನಿಂತಿತು. ಪಕ್ಕದ ಮನೆಯ ಟಿವಿಯೂ ಬಾಯಿ ಮುಚ್ಚಿತು.

ಹೋದರೆ ಹೋಗಲಿ, ನಮಗೇನು ಎಂದುಕೊಂಡ ಪುಷ್ಪಮ್ಮ ಗ್ರೈಂಡರ್ ಸ್ವಿಚ್ ಆರಿಸಿ ಮತ್ತೆ ಒತ್ತಿದಳು. ಉಹೂಂ. ಇನ್ನೊಮ್ಮೆ ಒತ್ತಿದಳು. ಸತ್ತ ಹಾಗೆ ಬಿದ್ದಿದೆ. ಸೆರಗು ಸಿಕ್ಕಿಸಿಕೊಂಡು ತಾರಸಿಗೆ ಓಡಿದರೆ ಅಲ್ಲಿ ಕಾಲಿಡಲಾಗದಂಥ ಬಿಸಿಲು. ಪ್ಯಾನೆಲ್‌ಗಳು ಕಣ್ಣು ಕೋರೈಸುವಂತೆ ಹೊಳೆಯುತ್ತಿದ್ದವು. ಕೆಳಗೆ ಬಂದು ಗೋಡೆಯ ಮೇಲಿನ ಸೋಲಾರ್ ಡಬ್ಬಿ ನೋಡಿದರೆ ಅದರಲ್ಲಿ ಒಂದು ಕೆಂಪು ದೀಪ ಮಾತ್ರ ಮಿಣಕ್ ಮಿಣಕ್ ಅನ್ನುತ್ತಿತ್ತು. ಅಲ್ಲ, ನೀವೇ ಹೇಳಿ, ಇಷ್ಟು ಬಿಸಿಲಿಟ್ಟುಕೊಂಡು ಕರೆಂಟ್ ಇಲ್ಲ ಅಂದರೆ ಯಾರಿಗೆ ಮೈ ಉರಿಯುವುದಿಲ್ಲ?

ಜಗುಲಿಯಲ್ಲಿ ಪೇಪರ್ ಓದುತ್ತಿದ್ದ ಗಂಡ ಕೃಷ್ಣಪ್ಪನಿಗೆ ಹಬ್ಬ.

"ಏನ್ ಪುಷ್ಪಾ, ನಿನ್ ಸೂರ್ಯ ಇವತ್ತು ಸಿ.ಎಲ್. ಹಾಕಿದಾನಾ?"

"ಸುಮ್ನಿರಿ ಮಾರಾಯ್ರೆ, ತಲೆ ಕೆಟ್ಟಿದೆ ನಂಗೆ."

"ಅದನ್ನೇ ಹೇಳ್ದೆ ಆವತ್ತು. ಬೆಂಕಿ ಹಾಕಿದ್ರೆ ಹಬೆ, ಹಬೆ ಬಂದ್ರೆ ಚಕ್ರ, ಚಕ್ರ ತಿರುಗಿದ್ರೆ ಕರೆಂಟ್. ಬಿಸಿಲಲ್ಲಿ ಒಣಹಾಕೋಕೆ ಕರೆಂಟ್ ಏನ್ ಹಪ್ಪಳಾನಾ?"

ಕೃಷ್ಣಪ್ಪ ಕಾರ್ಖಾನೆಯ ಬಾಯ್ಲರ್ ಸೆಕ್ಷನ್‌ನಲ್ಲಿ ದುಡಿದು ರಿಟೈರ್ ಆದವನು. ಕಲ್ಲಿದ್ದಲು ಬಿಟ್ಟರೆ ಲೋಕದಲ್ಲಿ ಇನ್ಯಾವುದರ ಮೇಲೂ ಅವನಿಗೆ ನಂಬಿಕೆಯಿಲ್ಲ. ಆ ಹೊಗೆಯ ಕೆಮ್ಮು ಇವತ್ತಿಗೂ ಎದೆಯಲ್ಲಿ ಕೂತಿದೆ, ಆದರೂ ಕಲ್ಲಿದ್ದಲಿನ ಪರವಾಗಿ ಯಾವ ವಕೀಲನೂ ಮಾಡದಷ್ಟು ವಾದ ಮಾಡುತ್ತಾನೆ! ಪುಷ್ಪಮ್ಮ ಮಾತ್ರ ಗ್ಯಾಸಿನ ಕಾಟಕ್ಕೆ ಬೇಸತ್ತು ಹೋಗಿದ್ದಳು. ಎಲ್ಲೋ ಹೆಸರು ಗೊತ್ತಿಲ್ಲದ ದೇಶದಲ್ಲಿ ಜಗಳವಾದರೆ ಓಲ್ಡ್ ಟೌನ್‌ನಲ್ಲಿ ಸಿಲಿಂಡರ್ ತಡ. ಬಿಸಿಲಿಗೆ ಹಡಗೂ ಬೇಡ, ರೈಲೂ ಬೇಡ, ನೇರ ತಾರಸಿಗೆ ಬಂದು ಬೀಳುತ್ತದೆ ಎಂದು ಮಹಿಳಾ ಸಂಘದ ಸಭೆಯಲ್ಲಿ ಕೇಳಿದ್ದೇ ಕೇಳಿದ್ದು, ಗಂಡನ ಜೊತೆ ಜಗಳವಾಡಿ ಪ್ಯಾನೆಲ್ ಹಾಕಿಸಿದಳು. ಹಗಲಿನ ಅಡುಗೆ ಇಂಡಕ್ಷನ್ ಒಲೆಗೆ ಬಂತು. ಗ್ರೈಂಡರ್ ಕೂಡ ಬಿಸಿಲಿದ್ದಾಗಲೇ ಓಡತೊಡಗಿತು. ಹಾಕಿಸಿ ಇನ್ನೂ ತಿಂಗಳು ತುಂಬಿರಲಿಲ್ಲ. ಹಗಲು ಹೊತ್ತು ಕರೆಂಟ್ ಹೋಗಿದ್ದು ಇದೇ ಮೊದಲು.

ಸೋಲಾರ್ ಹಾಕಿದವರಿಗೆ ಫೋನ್ ಮಾಡಿದರೆ, "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎಂದು ಒಂದು ಹೆಣ್ಣು ದನಿ ಹೇಳಿತು. ಆಮೇಲೆ ಪೀಪಿ ಸಂಗೀತ. ಮತ್ತೆ "ನಿಮ್ಮ ಕರೆ ನಮಗೆ ಬಹಳ ಮುಖ್ಯ."

"ಮುಖ್ಯ ಆಗಿದ್ರೆ ಎತ್ರೋ!" ಎಂದು ಪುಷ್ಪಮ್ಮ ಫೋನಿಗೇ ಬೈದಳು.

ಅಷ್ಟರಲ್ಲಿ ಹೋಟೆಲಿನವರ ಫೋನ್. "ಏನಮ್ಮಾ, ಸಂಜೆ ಹಿಟ್ಟು ಬರುತ್ತೆ ತಾನೇ? ಬರ್ದಿದ್ರೆ ಬೆಳಗ್ಗೆ ಗಿರಾಕಿಗೆ ನಿಮ್ ಪ್ಯಾನೆಲ್ ಬಡಿಸ್ಲಾ?"

"ಬರುತ್ತೆ ಸ್ವಾಮಿ, ಬರುತ್ತೆ. ತಲೆಬಿಸಿ ಮಾಡ್ಕೋಬೇಡಿ" ಎಂದು ಫೋನ್ ಇಟ್ಟಳು. ಆದರೆ ಅವಳ ತಲೆಬಿಸಿ ನೆತ್ತಿಗೇರಿತ್ತು. ಕೊಟ್ಟ ಮಾತು ಮೊದಲ ವಾರದಲ್ಲೇ ತಪ್ಪಿದರೆ ಆ ಹೋಟೆಲು ಕೈಬಿಟ್ಟ ಹಾಗೆಯೇ. ಮೇಲಿಂದ ಗಂಡ ಬೇರೆ ವರ್ಷಾನುಗಟ್ಟಲೆ ಹಂಗಿಸುತ್ತಾನೆ. ಸೀದಾ ವೈರಿಂಗ್ ಕೆಲಸದ ಶಶಿಧರನಿಗೆ ಫೋನ್ ಹಚ್ಚಿದಳು.

ಶಶಿಧರ್ ಸ್ಕೂಟರಿನ ಮೇಲೆ ಸಣ್ಣ ಜನರೇಟರ್ ಒಂದನ್ನು ಇಟ್ಟುಕೊಂಡೇ ಬಂದ. ಡಬ್ಬಿ ನೋಡಿ ನಕ್ಕ.

"ಇಷ್ಟೇನಾ ಆಂಟಿ? ಬೀದಿ ಲೈನಲ್ಲಿ ಕರೆಂಟ್ ಇಲ್ಲ ಅಂತ ಇದು ಮುನಿಸ್ಕೊಂಡು ಕೂತಿದೆ. ಜನರೇಟರಿಂದ ಒಂದು ವೈರ್ ಕೊಟ್ಟು, ಲೈನ್ ಬಂತು ಅಂತ ಇದಕ್ಕೆ ಸುಳ್ಳು ಹೇಳೋಣ. ನಂಬ್ಕೊಂಡು ಶುರು ಮಾಡುತ್ತೆ."

"ಮೇನ್ ಸ್ವಿಚ್ ಇಳಿಸ್ಬೇಕೇನೋ?"

"ಬ್ಯಾಡ ಬ್ಯಾಡ. ಇಳಿಸಿದ್ರೆ ನಿಮ್ ಸೋಲಾರ್ ಒಳಗೆ ಬರಲ್ಲ. ಹಾಗೇ ಇರ್ಲಿ."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಏನೂ ಆಗಲ್ಲ ಆಂಟಿ. ಎಲ್ರೂ ಮಾಡ್ತಾರೆ."

ಈ 'ಎಲ್ಲರೂ ಮಾಡ್ತಾರೆ' ಅನ್ನುವ ಮಾತಿದೆಯಲ್ಲ, ಅದನ್ನು ಕೇಳಿದ ಕೂಡಲೇ ನಮ್ಮ ಜನಕ್ಕೆ ಎಲ್ಲಿಲ್ಲದ ಧೈರ್ಯ ಬಂದುಬಿಡುತ್ತದೆ. ಪುಷ್ಪಮ್ಮನಿಗೂ ಬಂತು. "ಆಯ್ತು, ಬೇಗ ಮಾಡು" ಅಂದಳು. ಶಶಿಧರ್ ವೈರಿನ ತುದಿ ಹಲ್ಲಿನಲ್ಲಿ ಸುಲಿಯತೊಡಗಿದ.

ಗೇಟಿನ ಸದ್ದಾಯಿತು. ಒಳಗೆ ಬಂದವಳು ಪುಷ್ಪಮ್ಮನ ಅಕ್ಕನ ಮಗಳು ಭೂಮಿಕಾ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮನೆ, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುತ್ತಾಳೆ. ರಜೆ ಸಿಕ್ಕಾಗ ಬಸ್ಸು ಹತ್ತಿ ಚಿಕ್ಕಮ್ಮನ ಮನೆಗೆ ಬರುವುದು ರೂಢಿ. ಜನರೇಟರ್, ವೈರು, ತೆರೆದಿಟ್ಟ ಡಬ್ಬಿ, ಮೂರನ್ನೂ ನೋಡಿದವಳು ಚಪ್ಪಲಿ ಬಿಡುವುದನ್ನೂ ಮರೆತಳು.

"ಏಯ್, ಮುಟ್ಬೇಡ! ವೈರ್ ಕೆಳಗಿಡು ಮಾರಾಯ!"

"ನೀನೂ ಶುರು ಮಾಡ್ಬೇಡ ಭೂಮೀ" ಎಂದು ಪುಷ್ಪಮ್ಮ ರೇಗಿದಳು. "ಉದ್ದು ಅಲ್ಲೇ ಬಿಸಿಯಾಗ್ತಾ ಇದೆ. ಹಾಳಾದ್ದು ಹಾಕಿಸಿ ತಿಂಗಳಾಗಿಲ್ಲ, ಕೆಟ್ಟು ಕೂತಿದೆ."

"ಕೆಟ್ಟಿಲ್ಲ ಚಿಕ್ಕಮ್ಮ. ಅದು ಇರೋದೇ ಹಾಗೆ. ಬೀದಿ ಲೈನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ಬಂದ್ ಆಗುತ್ತೆ."

"ಇದ್ಯಾವ ನ್ಯಾಯ ಮಾರಾಯ್ತಿ! ಕರೆಂಟ್ ಇದ್ದಾಗ ಕೊಡುತ್ತಂತೆ, ಇಲ್ದಾಗ ಕೈ ಎತ್ತುತ್ತಂತೆ. ಇಂಥ ಸಹಾಯಕ್ಕೆ ನಮ್ ನಾದಿನಿ ಸಾಕಿತ್ತು, ಪ್ಯಾನೆಲ್ ಯಾಕೆ ಬೇಕಿತ್ತು?"

"ಹಾಕೋ ದಿನ ಹೇಳಿರ್ತಾರಲ್ಲ?"

"ಹೇಳಿದ್ರೇನೋ! ನಾನು ಅವರಿಗೆಲ್ಲ ಕಾಫಿ ಮಾಡ್ತಾ ಇದ್ದೆ. ನಿಮ್ ಚಿಕ್ಕಪ್ಪ ಮುಖ ಊದಿಸ್ಕೊಂಡು ಗೇಟ್ ಹತ್ರ ನಿಂತಿದ್ರು. ಹೇಳಿದ್ದು ಯಾರಿಗೆ, ಗೋಡೆಗಾ?"

ಭೂಮಿಕಾ ಹಣೆ ಚಚ್ಚಿಕೊಂಡಳು. ಆಮೇಲೆ ಸಮಾಧಾನ ತಂದುಕೊಂಡು ಹೇಳಿದಳು. "ನೋಡಿ ಚಿಕ್ಕಮ್ಮ. ನಿಮ್ ಪ್ಯಾನೆಲ್ಲಿನ ಕರೆಂಟ್ ಮೊದ್ಲು ಮನೆಗೆ, ಮಿಕ್ಕಿದ್ದು ಮೀಟರ್ ದಾಟಿ ಬೀದಿ ಲೈನಿಗೆ. ಹಗಲು ನೀವು ಕೊಟ್ಟಷ್ಟು ಕರೆಂಟಿಗೆ ಎಲ್ಲೋ ಒಂದು ಕಡೆ ಕಲ್ಲಿದ್ದಲು ಸುಡೋದು ತಪ್ಪುತ್ತೆ. ಅದು ಒಳ್ಳೇದೇ. ಆದ್ರೆ ಲೈನ್ ಬಂದ್ ಮಾಡಿ ರಿಪೇರಿ ಮಾಡುವಾಗಲೂ ನೀವು ಕಳಿಸ್ತಾ ಇದ್ರೆ? ನಿಮ್ಮನೆಯಿಂದ ಹೋದ ಕರೆಂಟನ್ನ ಟ್ರಾನ್ಸ್‌ಫಾರ್ಮರ್ ಆ ಕಡೆಗೆ ಸಾವಿರಾರು ವೋಲ್ಟ್ ಮಾಡಿಬಿಡುತ್ತೆ. ತಂತಿ ಮುಟ್ಟಿದೋನ ಗತಿ ಏನು? ಅದಕ್ಕೇ ಅದು ತಾನಾಗೇ ಬಂದ್ ಆಗೋದು. ಸೋಲಾರ್ ಅಷ್ಟೇ ಅಲ್ಲ, ಮೇನ್ ಇಳಿಸ್ದೆ ಈ ಜನರೇಟರ್ ಒಂದನ್ನೇ ಹಚ್ಚಿದ್ರೂ ಅದೇ ಕಥೆ."

"ಅಷ್ಟೆಲ್ಲ ಏನಾಗಲ್ಲ ಮೇಡಂ" ಎಂದ ಶಶಿಧರ್. "ಒಂದು ಗಂಟೆ ಕೆಲ್ಸ."

"ನನ್ ತಾರಸಿ, ನನ್ ಬಿಸಿಲು. ನಾನು ಹಿಟ್ಟು ರುಬ್ಕೊಳ್ಳೋಕೆ ಬೀದಿಯೋರ ಅಪ್ಪಣೆ ಬೇಕಾ?" ಎಂದಳು ಪುಷ್ಪಮ್ಮ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಇಷ್ಟು ಹೊತ್ತು ಬಾಯಿ ತುಂಬ ನಗುತ್ತಿದ್ದ ಕೃಷ್ಣಪ್ಪ ಪೇಪರ್ ಮಡಿಸಿಟ್ಟು ಎದ್ದ. ಗೇಟಿನವರೆಗೆ ಹೋಗಿ ಬೀದಿಯ ಕೊನೆಗೆ ಕಣ್ಣು ಹಾಯಿಸಿದ. ಅಲ್ಲಿ ಹೊಂಗೆ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದಿತ್ತು. ಟ್ರಾನ್ಸ್‌ಫಾರ್ಮರ್ ಪಕ್ಕದ ಕಂಬದ ಮೇಲೆ ಲೈನ್‌ಮನ್ ಜಟ್ಟಪ್ಪ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ತಂತಿಯ ಕಡೆ ಕೈ ಚಾಚಿದ್ದ. ಕೃಷ್ಣಪ್ಪ ಸರಸರನೆ ಒಳಗೆ ಬಂದವನೇ ಶಶಿಧರನ ಕೈಯಿಂದ ವೈರ್ ಕಿತ್ತುಕೊಂಡ.

"ತಗೊಂಡ್ ನಡಿ ನಿನ್ ಜನರೇಟರ್."

"ಅಂಕಲ್, ನೀವೇ ಸೋಲಾರ್ ಬ್ಯಾಡ ಅಂತಿದ್ರಿ..."

"ನಡಿ ಅಂದೆ!"

ಗಂಡ ಹೀಗೆ ಕೂಗಿದ್ದನ್ನು ಪುಷ್ಪಮ್ಮ ಕೇಳಿ ಬಹಳ ಕಾಲವಾಗಿತ್ತು. ಶಶಿಧರ್ ಗೊಣಗುತ್ತಾ ಸ್ಕೂಟರ್ ಹತ್ತಿದ. ಕೃಷ್ಣಪ್ಪ ಡಬ್ಬಿಯ ಎದುರಿಗೇ ಒಂದು ಸ್ಟೂಲ್ ಎಳೆದುಕೊಂಡು ಕೂತ. ಕೆಮ್ಮು ಬಂತು, ಕೆಮ್ಮಿದ.

"ಬಾಯ್ಲರ್ ರಿಪೇರಿಗೆ ನಾವು ಒಳಗೆ ಇಳೀಬೇಕಾದ್ರೆ" ಎಂದು ನಿಧಾನವಾಗಿ ಶುರು ಮಾಡಿದ. "ಮೊದ್ಲು ಅದಕ್ಕೆ ಗಾಳಿ ಊದೋ ದೊಡ್ಡ ಫ್ಯಾನಿನ ಫ್ಯೂಸ್ ಕೀಳ್ತಿದ್ರು. ಕಿತ್ತು ಒಳಗೆ ಹೋಗೋನ ಜೇಬಿಗೇ ಹಾಕ್ತಿದ್ರು. ಅವನು ಹೊರಗೆ ಬಂದು ತಾನೇ ಕೊಡೋ ತನಕ ಸಾಹೇಬ್ರು ಬಂದ್ರೂ ಸ್ವಿಚ್ ಹಾಕೋ ಹಾಗಿಲ್ಲ. ಒಂದ್ಸಲ ಒಬ್ಬ ಮೇಸ್ತ್ರಿ ಅರ್ಜೆಂಟು ಅಂತ ಬೇರೆ ಫ್ಯೂಸ್ ತಂದು ಚುಚ್ಚಿದ. ಏನೂ ಆಗಲ್ಲ ಅಂದ. ಒಳಗೆ ಆರ್ಮುಗಂ ಇದ್ದ."

ಆರ್ಮುಗಂ ಅಂದರೆ ಯಾರು ಎಂದು ಪುಷ್ಪಮ್ಮನಿಗೆ ಗೊತ್ತಿತ್ತು. ಅವನ ಹೆಂಡತಿಯ ಜೊತೆ ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದವಳೇ ಅವಳು.

"ಭೂಮೀ, ಅಂದ್ರೆ ಈ ಡಬ್ಬಿ ತನ್ ಫ್ಯೂಸ್ ತಾನೇ ಕಿತ್ತು ಜಟ್ಟಪ್ಪನ ಜೇಬಿಗೆ ಹಾಕ್ತಾ ಇದೆ ಅನ್ನು."

"ಹೌದು ಚಿಕ್ಕಪ್ಪ. ಅಷ್ಟೇ."

"ಇದನ್ನ ಮೊದ್ಲೇ ಹೀಗೆ ಹೇಳೋಕೇನಾಗಿತ್ತು ನಿಮಗೆಲ್ಲ? ಬಿಸಿಲಿನ ಕರೆಂಟಿಗೆ ಶಿಸ್ತಿಲ್ಲ ಅಂತ ನಾನು ಬೈಕೊಂಡು ತಿರುಗ್ತಾ ಇದ್ದೆ. ಇದಕ್ಕೆ ನಮ್ ಮೇಸ್ತ್ರಿಗಿಂತ ಬುದ್ಧಿ ಇದೆ."

ಪುಷ್ಪಮ್ಮ ಗ್ರೈಂಡರ್‌ನಿಂದ ಉದ್ದು ಬಳಿದು ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ತಣ್ಣೀರಲ್ಲಿಟ್ಟಳು. ಅಕ್ಕಿಯ ನೀರು ಬದಲಿಸಿದಳು. ಹೋಟೆಲಿಗೆ ಫೋನ್ ಮಾಡಿ, "ಸಂಜೆ ಹಿಟ್ಟು ಆಗಲ್ಲ ಸ್ವಾಮಿ, ನಾಳೆಗೆ ಬೇರೆ ಕಡೆ ನೋಡ್ಕೊಳ್ಳಿ" ಎಂದಳು. ಅವರು ಹೇಳಬಾರದ್ದನ್ನೆಲ್ಲ ಹೇಳಿದರು. ಎಲ್ಲ ಕೇಳಿಸಿಕೊಂಡಳು. ಸಿಟ್ಟು ಇಳಿದಿರಲಿಲ್ಲ, ಆದರೆ ಯಾರ ಮೇಲೆ ಸಿಟ್ಟು ಮಾಡಬೇಕು ಅನ್ನುವುದೇ ಈಗ ತಿಳಿಯದಂತಾಗಿತ್ತು.

"ಕರೆಂಟ್ ಹೋದಾಗಲೂ ಓಡೋ ಅಂಥದ್ದು ಇಲ್ವೇ ಇಲ್ವೇನೇ?" ಎಂದು ಭೂಮಿಕಾಳನ್ನು ಕೇಳಿದಳು.

"ಇದೆಯಲ್ಲ. ಈ ಡಬ್ಬಿಯ ಬದ್ಲು ಬ್ಯಾಟರಿ ಇರೋ ಬೇರೆ ಥರದ ಇನ್ವರ್ಟರ್. ಬೀದಿ ಕರೆಂಟ್ ಹೋದ ಕ್ಷಣ ಮನೇನ ಲೈನಿಂದ ಪೂರ್ತಿ ಬೇರೆ ಮಾಡಿ, ಮನೆಯೊಳಗೆ ಮಾತ್ರ ಕೊಡುತ್ತೆ. ಹಾಕ್ಸುವಾಗ್ಲೇ ನಮಗೆ ಅದು ಬೇಕು ಅಂತ ಬಾಯಿ ಬಿಟ್ಟು ಕೇಳ್ಬೇಕು."

"ಕಾಫಿ ಆಮೇಲೆ ಮಾಡಿದ್ರೂ ಆಗ್ತಿತ್ತು" ಎಂದಳು ಪುಷ್ಪಮ್ಮ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕರೆಂಟ್ ಬಂತು. ಕೆಂಪು ದೀಪ ಹೋಗಿ ಹಸಿರು ಬಂತು. ಸ್ವಲ್ಪ ಹೊತ್ತಿಗೆ ಜಟ್ಟಪ್ಪ ಗೇಟಿನ ಹತ್ತಿರ ಬಂದು, "ಅಮ್ಮಾ, ಕುಡಿಯೋಕೆ ನೀರು ಕೊಡ್ತೀರಾ?" ಅಂದ. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಪುಷ್ಪಮ್ಮ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದಳು.

"ಈ ಬೀದೀಲಿ ಸೋಲಾರ್ ಇರೋದು ನಿಮ್ಮನೇಲಿ ಒಂದೇ ಅಲ್ವಾ?" ಎಂದ ಜಟ್ಟಪ್ಪ, ಗಟಗಟ ಕುಡಿದು ಬಾಯಿ ಒರೆಸಿಕೊಳ್ಳುತ್ತಾ. "ನಾವೂ ಚೆಕ್ ಮಾಡ್ತೀವಿ, ಅರ್ಥಿಂಗ್ ಹಾಕ್ತೀವಿ. ಆದ್ರೂ ಕಂಬ ಹತ್ತುವಾಗ ಮನಸ್ಸಲ್ಲಿ ಒಂದು ಅಳುಕು ಇದ್ದೇ ಇರುತ್ತೆ. ಪುಷ್ಪಮ್ಮನ ಮನೆ ತಾನೇ, ಅಲ್ಲಿ ಏನೂ ತೊಂದ್ರೆ ಇರಲ್ಲ ಅಂದ್ಕೊಂಡು ಹತ್ತಿದೆ."

ಪುಷ್ಪಮ್ಮ ಲೋಟ ಇಸಿದುಕೊಂಡು ಒಳಗೆ ಹೋಗಿ ಮತ್ತೆ ತುಂಬಿಸಿ ತಂದಳು. ಅಂಚಿನವರೆಗೆ ತುಂಬಿದ್ದ ಮಜ್ಜಿಗೆ ಒಂದಿಷ್ಟು ಮೆಟ್ಟಿಲ ಮೇಲೆ ಚೆಲ್ಲಿತು.

ಆ ವಾರ ಹೋಟೆಲು ಕೈಬಿಟ್ಟಿತು. ಕೃಷ್ಣಪ್ಪ ಹಂಗಿಸಲಿಲ್ಲ. ಬದಲಿಗೆ ಭೂಮಿಕಾಳ ಜೊತೆ ಶಿವಮೊಗ್ಗಕ್ಕೆ ಹೋಗಿ ಬ್ಯಾಟರಿಯ ವಿಚಾರವನ್ನು ತಾನೇ ಕೂತು ಕೇಳಿಕೊಂಡು ಬಂದ. ಈಗ ಬೀದಿಯಲ್ಲಿ ಯಾರಾದರೂ ಸೋಲಾರ್ ಬಗ್ಗೆ ಮೂಗು ಮುರಿದರೆ ಸಾಕು, ಅವರನ್ನು ಹಿಡಿದು ಕೂರಿಸಿಕೊಂಡು ಬಾಯ್ಲರ್ ಕಥೆ ಹೇಳುತ್ತಾನೆ. ಪುಷ್ಪಮ್ಮನಿಗೆ ಈಗ ಅದೊಂದು ಹೊಸ ತಲೆನೋವು.

ಈ ಕಥೆ ಓದುತ್ತಿರುವವರೇ, ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ಕಲ್ಲಿದ್ದಲಿನ ಹೊಗೆ ಸಾಕು, ಸಿಲಿಂಡರಿಗೆ ಕಾದಿದ್ದೂ ಸಾಕು. ನಿಮ್ಮ ತಾರಸಿಗೆ ಬೀಳುವ ಬಿಸಿಲನ್ನು ದಯವಿಟ್ಟು ಬಳಸಿಕೊಳ್ಳಿ. ಆದರೆ ಹಾಕುವವರು ಹೇಳುವಾಗ ಮನೆಯವರೆಲ್ಲ ಎದುರಿಗೆ ನಿಂತು ಕೇಳಿ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವುದನ್ನೇ ಕೇಳಿ ಹಾಕಿಸಿ. ಜನರೇಟರ್ ಇದ್ದರೆ ಅದನ್ನು ಬೀದಿ ಲೈನಿನಿಂದ ಬೇರೆ ಮಾಡುವ ಚೇಂಜ್ ಓವರ್ ಸ್ವಿಚ್ಚನ್ನು ಲೈಸೆನ್ಸ್ ಇರುವವರ ಕೈಯಲ್ಲೇ ಹಾಕಿಸಿ. ಅರ್ಜೆಂಟು, ಒಂದು ಗಂಟೆ ಕೆಲಸ, ಎಲ್ಲರೂ ಮಾಡುತ್ತಾರೆ ಎಂದು ಯಾರಾದರೂ ವೈರ್ ಹಿಡಿದು ಬಂದರೆ ಗೇಟಿನಾಚೆಗೆ ಕಳಿಸಿ. ಕರೆಂಟ್ ಹೋಗಿದೆ ಅಂದರೆ ಎಲ್ಲೋ ಒಂದು ಕಂಬದ ಮೇಲೆ ಒಬ್ಬ ಮನುಷ್ಯ ಇದ್ದಾನೆ. ಅವನು ನಿಮ್ಮ ಮನೆಯನ್ನು ನಂಬಿ ಹತ್ತಿದ್ದಾನೆ.