ಸಾಹೇಬರು ಮುಟ್ಟದ ವರದಿ

ಬೆಟಗೇರಿಯಲ್ಲಿ ಸಾಹೇಬರ ಓಣಿ ಬಂತು, ಹೋಯಿತು. ಶೈಲಾ ಕಾರು ನಿಲ್ಲಿಸಲಿಲ್ಲ.

ಎರಡು ವರ್ಷದಲ್ಲಿ ಇದೇ ಮೊದಲು. ಬೆಟಗೇರಿ ದಾಟಿದ ಮೇಲೂ ಹಿಂದಿನಿಂದ ಯಾರಾದರೂ ಕೂಗಿಯಾರೆಂದು ಕಿವಿ ನಿಮಿರಿಸಿಕೊಂಡೇ ಇದ್ದಳು. ಪಕ್ಕದ ಸೀಟಿನ ಮೇಲೆ ಲಕ್ಷ್ಮೇಶ್ವರದ ಮಹಿಳಾ ಪತ್ತಿನ ಸಂಘದ ಆಡಿಟ್ ವರದಿ ಇತ್ತು. ಅದರ ಮೇಲೆ ಅವಳ ಸಹಿ ಇತ್ತು, ಮೊಹರು ಇತ್ತು. ಸಾಹೇಬರ ಕೈ ಬಿದ್ದಿರಲಿಲ್ಲ, ಅಷ್ಟೇ.

ಈ ಕೈಯ ಸಂಗತಿ ಹೊರಗಿನವರಿಗೆ ಹೇಳಿದರೆ ನಕ್ಕಾರು. ಸಿದ್ದಾರೂಢ ಸಾಹೇಬರು ಮೂವತ್ತು ವರ್ಷ ಗದಗ ಸೀಮೆಯ ಅರ್ಧ ವ್ಯಾಪಾರದ ಲೆಕ್ಕ ನೋಡಿದ ಚಾರ್ಟರ್ಡ್ ಅಕೌಂಟೆಂಟರು. ವರದಿ ಮುಗಿದ ಮೇಲೆ ಅದರ ಮೇಲೆ ಬಲಗೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚುವುದು ಅವರ ರೂಢಿ. ಅವರು ಮುಟ್ಟಿದ ಕಾಗದಕ್ಕೆ ನೋಟೀಸು ಬರುವುದಿಲ್ಲ ಎಂದು ಜನ ನಂಬಿಬಿಟ್ಟರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತು ಹೋಯಿತು, ನಂಬಿಕೆ ಹೋಗಲಿಲ್ಲ. ಅಂದಿನಿಂದ ಅವರ ಕಚೇರಿಯ ಪಾಲುದಾರಳು, ತಾನೂ ಚಾರ್ಟರ್ಡ್ ಅಕೌಂಟೆಂಟಳಾದ ಶೈಲಾ ವರದಿ ಬರೆದು, ಸಹಿ ಹಾಕಿ, ಸಾಹೇಬರ ಮನೆಗೆ ಒಯ್ಯುವುದು; ಅವರ ಹೆಂಡತಿ ಅಮೃತವ್ವ ಆ ಬಲಗೈ ಎತ್ತಿ ಕಾಗದದ ಮೇಲೆ ಇಡುವುದು. ಒಮ್ಮೆ ಅವಸರಕ್ಕೆ ಎಡಗೈ ಇಡಿಸಿದ್ದಕ್ಕೆ ಹತ್ತಿ ವ್ಯಾಪಾರಿಯೊಬ್ಬ ವರದಿ ಒಯ್ಯದೆ ಎದ್ದುಹೋದ. ಎಡಗೈಯಲ್ಲಿ ಜೀವವಿತ್ತು ನಿಜ. ಆದರೆ ಅದು ಎಡಗೈ.

ನಲವತ್ತನಾಲ್ಕರ ಶೈಲಾ ಈ ಕಚೇರಿಗೆ ಬಂದು ಹದಿನಾರು ವರ್ಷ. ಬಂದವರು ಅವಳು ಹೇಳಿದ್ದನ್ನೆಲ್ಲ ತಲೆದೂಗಿ ಕೇಳುತ್ತಾರೆ, ಏಳುವಾಗ ಸಾಹೇಬರ ಕಿವಿಗೂ ಒಂದು ಮಾತು ಹಾಕಿರಿ ಎನ್ನುತ್ತಾರೆ. ಹಾಕುತ್ತೇನೆ ಎನ್ನುತ್ತಾಳೆ.

ಇಂದು ಅದು ಮುಗಿಯಬೇಕಿತ್ತು. ಸಂಘದ ವಾರ್ಷಿಕ ಸಭೆಯಲ್ಲಿ ಮುಂದಿನ ವರ್ಷದ ಆಡಿಟರನ್ನು ಆರಿಸುತ್ತಾರೆ. ಅಧ್ಯಕ್ಷೆ ಚನ್ನಮ್ಮ ಶೈಲಾಳ ಸ್ವಂತ ಹೆಸರನ್ನೇ ಸೂಚಿಸಲು ಒಪ್ಪಿದ್ದಳು. ಏಳುನೂರು ಸದಸ್ಯೆಯರು, ಮಧ್ಯೆ ಒಬ್ಬ ಗಂಡಸಿಲ್ಲ. ಇವರು ಹೂಂ ಎಂದರೆ ಶಿರಹಟ್ಟಿ, ಮುಂಡರಗಿಯ ಸಂಘಗಳೂ ಬಂದಾವು, ತನ್ನದೇ ಕಚೇರಿ ತೆರೆಯಬಹುದು. ಇವರೇ ಒಲ್ಲೆ ಎಂದರೆ ಇನ್ನು ಯಾರ ಬಾಗಿಲಿಗೆ ಹೋಗುವುದು?

ಮುಳಗುಂದದ ಹತ್ತಿರ ಅಮೃತವ್ವನ ಫೋನು ಬಂತು. ಕಾರು ಬದಿಗೆ ನಿಲ್ಲಿಸಿದಳು.

“ಬರ್ಲಿಲ್ಲಲ್ಲವಾ ನೀ? ಕೈ ತೊಳದು, ಒರಸಿ, ಕುಂಡ್ರಿಸೀನಿ.”

“ತಡಾ ಆಗಿತ್ರಿ ಅವ್ವಾರ.”

“ಹಾದಿ ನೋಡಾಕತ್ತಾರ.”

ಅವರು ಹಾದಿ ನೋಡುತ್ತಿದ್ದರೋ ಬರೇ ಗೋಡೆ ನೋಡುತ್ತಿದ್ದರೋ, ಬಲ್ಲವರಾರು. ಆ ಮನುಷ್ಯನ ಮೇಲೆ ಶೈಲಾಗೆ ಸಿಟ್ಟಿರಲಿಲ್ಲ. ಕೈಹಿಡಿದು ಕೆಲಸ ಕಲಿಸಿದವರು. ಸಿಟ್ಟು ಯಾರ ಮೇಲೆ ಎಂಬುದೇ ತಿಳಿಯದು. ನೀರು ಕುಡಿದು ಮತ್ತೆ ಕಾರು ಹೊರಡಿಸಿದಳು.

ಕಲ್ಯಾಣಮಂಟಪ ತುಂಬಿತ್ತು. ಶೈಲಾ ವರದಿ ಓದಿದಳು. ಸಂಘಕ್ಕೆ ಈ ಸಲವೂ ‘ಅ’ ವರ್ಗ ಎಂದಾಗ ಚಪ್ಪಾಳೆ ಬಿತ್ತು, ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ಎದೆ ಹಗುರಾಯಿತು. ಚನ್ನಮ್ಮ ಎದ್ದು, ಮುಂದಿನ ವರ್ಷಕ್ಕೆ ಆಡಿಟರ್ ಎಂದು ಶೈಲಾ ಮೇಡಮ್ಮನವರ ಹೆಸರು ಸೂಚಿಸಿದಳು.

ಮುಂದಿನ ಸಾಲಿನಿಂದ ದಿಲಶಾದಬಿ ಮೊಣಕಾಲು ಹಿಡಿದುಕೊಂಡು ಎದ್ದಳು. ಮನೆಮನೆ ತಿರುಗಿ ಬಳೆ ಮಾರಿದವಳು, ಸಂಘ ಕಟ್ಟಿದ ಹನ್ನೊಂದು ಜನರಲ್ಲಿ ಒಬ್ಬಳು.

“ವರದಿ ಛಲೋ ಐತಿ ಬೇಟಾ. ಸಾಹೇಬ್ರು ಮುಟ್ಟ್ಯಾರಲ್ಲ?”

ಹೂಂ ಎಂದರೆ ಮುಗಿಯುತ್ತಿತ್ತು. ಪಕ್ಕದಲ್ಲಿ ಚನ್ನಮ್ಮ ಹೂಂ ಅನ್ನು ಎಂಬಂತೆ ತಲೆಯಾಡಿಸುತ್ತಲೂ ಇದ್ದಳು. ಆದರೆ ಹಾಗೆಂದರೆ ಈಗ ಬಿದ್ದ ಚಪ್ಪಾಳೆಯೂ ಬೆಟಗೇರಿಗೇ ಹೋಗುತ್ತದೆ. ನಾಳೆಯ ತನ್ನ ಕಚೇರಿಯಿಂದಲೂ ಕಾಗದ ಹಿಡಿದುಕೊಂಡು ಆ ಓಣಿಗೇ ಹೋಗಬೇಕಾಗುತ್ತದೆ.

“ಇಲ್ರಿ, ಮುಟ್ಟಿಲ್ಲ,” ಎಂದಳು. “ಎರಡ ವರ್ಷಾತು, ಅವ್ರಿಗೆ ಒಂದ್ ಅಕ್ಷರಾ ಓದಾಕ ಬರಂಗಿಲ್ಲ. ಹ್ವಾದ ವರ್ಷದ ವರದಿನೂ ನಂದ, ಈ ವರ್ಷದ್ದೂ ನಂದ.”

ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೊದ್ದರು ಎಂಬ ಮಾತಿದೆ. ಇಲ್ಲಿ ಯಾರೂ ಒದೆಯಲಿಲ್ಲ. ಯಾರೂ ಬೈಯಲೂ ಇಲ್ಲ. ಹಾಗಾದರೆ ಹೋದ ವರ್ಷದ್ದು ಸರಿಯಿತ್ತೋ ಇಲ್ಲವೋ ಎಂದು ಒಬ್ಬಳು ಮೆಲ್ಲಗೆ ಕೇಳಿದಳು. ಮುಟ್ಟಿಸಿಕೊಂಡು ಬರುವ ತನಕ ಈ ವರದಿ ತಡೆಹಿಡಿಯೋಣ ಎಂದು ಇನ್ನೊಬ್ಬಳು ಹೇಳಿದಳು. ದಿಲಶಾದಬಿಯ ಮುಖದಲ್ಲಿ ಕನಿಕರವೇ ಇತ್ತು.

“ನಿನ್ನ ಮ್ಯಾಲ ನಂಬಿಕಿ ಇಲ್ಲಂತಲ್ಲ. ನೀನೂ ನಮ್ಮಂಗ ಹೆಣ್ಣಮಗಳು. ನಾಳೆ ಏನರ ಆದ್ರ ನಮ್ಮನ್ನ ಯಾರು ಕೇಳ್ತಾರ? ನಿನ್ನನ್ನರ ಯಾರು ಕೇಳ್ತಾರ?”

ಶೈಲಾ ವರದಿ ಮುಚ್ಚಿ ಕೂತಳು.

ಠರಾವು ತಿದ್ದಲಾಯಿತು: ಮುಂದಿನ ವರ್ಷಕ್ಕೂ ಸಿದ್ದಾರೂಢ ಸಾಹೇಬರ ಕಚೇರಿಯೇ, ವರದಿ ಮುಟ್ಟಿಸಿಕೊಂಡು ಶುಕ್ರವಾರದೊಳಗೆ ತರುವುದು. ಒಪ್ಪಿದವರು ಕೈ ಎತ್ತಿರಿ ಎಂದರು. ಮಂಟಪದ ತುಂಬ ಬಳೆ ಸದ್ದಾಯಿತು. ಎತ್ತದವರು ಯಾರಾದರೂ ಇದ್ದಾರೆಯೇ ಎಂದು ಶೈಲಾ ಸಾಲುಸಾಲಾಗಿ ಹುಡುಕಿದಳು. ಒಬ್ಬರೂ ಸಿಗಲಿಲ್ಲ.

ಆಡಿಟರ್ ಒಪ್ಪಿಗೆ ಪತ್ರ ಅಲ್ಲೇ ಬೇಕಿತ್ತು. ಸಾಹೇಬರ ಕಚೇರಿಯ ಪರವಾಗಿ ಅವಳೇ ಬರೆದುಕೊಟ್ಟಳು.

ಚಹಾದ ಹೊತ್ತಿಗೆ ಚನ್ನಮ್ಮ ಹತ್ತಿರ ಬಂದಳು.

“ಬ್ಯಾಸರ ಮಾಡ್ಕೋಬ್ಯಾಡ್ರಿ. ನಾನೂ ಠರಾವಿಗೆ ಸಹಿ ಮಾಡೂ ಮೊದ್ಲ ನಮ್ಮ ಮನಿಯವ್ರಿಗೆ ತೋರಿಸೇ ಬರ್ತೀನಿ. ನಡೀತೈತಿ.”

“ನಡೀತೈತ್ರಿ,” ಎಂದಳು ಶೈಲಾ.

ಕೊನೆಗೆ ಫೋಟೋ. ಶಿರಹಟ್ಟಿಯಿಂದ ಬಂದಿದ್ದ ಫೋಟೋಗ್ರಾಫರ್ ಫಕೀರೇಶ ವೇದಿಕೆಯ ಮೇಲೆ ಏಳು ಕುರ್ಚಿ ಹಾಕಿಸಿದ. ಆಡಿಟರಿಗೆಂದು ತಂದಿದ್ದ ಶಾಲನ್ನು ಚನ್ನಮ್ಮ ನಡುವಿನ ಕುರ್ಚಿಗೆ ಹೊದಿಸಿದಳು. ಸಾಹೇಬರು ಬಂದಂತೆಯೇ ಆಯಿತು ಎಂದು ಎಲ್ಲರಿಗೂ ಸಮಾಧಾನ. ಉಳಿದ ಆರರಲ್ಲಿ ಪದಾಧಿಕಾರಿಗಳು ಕೂತರು. ದಿಲಶಾದಬಿಗೆ ಜಾಗ ಸಾಲಲಿಲ್ಲ. ನೋಯುವ ಕಾಲಿನ ಮೇಲೆ ನಿಂತಿದ್ದಳು. ನಡುವೆ ಖಾಲಿ ಇದೆಯಲ್ಲ, ಕೂತುಕೊಳ್ಳಿ ಎಂದು ಶೈಲಾ ಅವಳ ತೋಳು ಹಿಡಿದಳು. ಮುದುಕಿ ತೋಬಾ ತೋಬಾ ಎಂದು ಹಿಂದೆ ಸರಿದಳು.

ಶೈಲಾ ಹೋಗಿ ಆ ಕುರ್ಚಿಯ ಪಕ್ಕ ನಿಂತಳು.

“ಮೇಡಮ್ಮಾರ, ಚೂರು ಸರೀರಿ,” ಎಂದ ಫಕೀರೇಶ. “ಕುರ್ಚಿ ಕಾಣವಲ್ತು.”

ಸರಿದಳು.

“ಇನ್ನಾ ಸ್ವಲ್ಪ್ರಿ.”

ಮತ್ತೆ ಸರಿದಳು. ಹಿಮ್ಮಡಿಗೆ ವೇದಿಕೆಯ ಅಂಚು ತಾಗಿತು.

“ಈಗ ಬರೋಬ್ಬರಿ ಆತು,” ಎಂದ.

ತಾನು ಚಿತ್ರದಲ್ಲಿ ಇದ್ದೇನೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಎಲ್ಲರೂ ನಗಬೇಕೆಂದು ಫಕೀರೇಶ ಹೇಳಿದ. ಅವಳೂ ನಕ್ಕಳು.