ಗಡಿಯಾರದಂಗಡಿಗೆ ಬಂದ ಪ್ಲಾಸ್ಟಿಕ್ ಕೋಳಿ

ಗಡಿಯಾರ ರಿಪೇರಿಯವನ ಹೊಟ್ಟೆಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣವೆಂದು ಡಾಕ್ಟರು ಹೇಳಿದ್ದು ಇದು ಎರಡನೆಯ ಸಲ. ಮೊದಲ ಸಲ ಹದಿನಾಲ್ಕು ದಿನದ ಆಂಟಿಬಯೋಟಿಕ್ ಬರೆದುಕೊಟ್ಟಿದ್ದರು. ನಾಲ್ಕನೆಯ ದಿನ ಹೊಟ್ಟೆ ಕೆಟ್ಟಿತು, ಆರನೆಯ ದಿನ ಈ ಮಹಾಶಯ ಮಾತ್ರೆಗಳನ್ನು ಡ್ರಾಯರಿಗೆ ತಳ್ಳಿ ಕೈತೊಳೆದುಕೊಂಡ. ಬ್ಯಾಕ್ಟೀರಿಯಾ ಮಾತ್ರ ಇದ್ದಲ್ಲಿಂದ ಕದಲಲಿಲ್ಲ.

"ಈ ಸಲಾನೂ ಅರ್ಧಕ್ಕೆ ಬಿಟ್ರೆ ಅದು ಈ ಔಷಧಿಗೆ ಜಗ್ಗದೇ ಹೋಗಬಹುದು," ಎಂದರು ಡಾಕ್ಟರು. "ಹುಣ್ಣಿನಿಂದ ರಕ್ತ ಬರೋಕೆ ಶುರುವಾದ್ರೆ ಆಸ್ಪತ್ರೆ ಸೇರ್ಬೇಕಾಗುತ್ತೆ. ಹೊಟ್ಟೆ ಕೆಡೋದು ಕಡಿಮೆಯಾಗಲಿ ಅಂತ ಜೊತೆಗೆ ಪ್ರೊಬಯೋಟಿಕ್ ಕ್ಯಾಪ್ಸೂಲ್ ಕೊಡ್ತೀನಿ. ಇದರಲ್ಲಿರೋದೂ ಜೀವಂತ ಬ್ಯಾಕ್ಟೀರಿಯಾನೇ, ಆದ್ರೆ ಒಳ್ಳೇವು."

ರಿಪೇರಿಯವನ ಹುಬ್ಬು ಮೇಲೇರಿತು. ಒಂದು ಕಣ ಧೂಳು ಒಳಗೆ ಹೋಗಬಾರದೆಂದು ಉಸಿರು ಬಿಗಿಹಿಡಿದು ವಾಚು ಬಿಚ್ಚುವ ಮನುಷ್ಯ ಅವನು.

"ಒಳಗಿರೋದನ್ನ ಓಡಿಸಿ ಅಂತ ಬಂದ್ರೆ ಇನ್ನಷ್ಟು ಒಳಗೆ ಕಳಿಸ್ತೀರಲ್ಲ ಡಾಕ್ಟ್ರೇ."

"ಓಡಿಸೋ ಕೆಲಸ ಮಾತ್ರೇದು. ಆ ಗಲಾಟೆಯಲ್ಲಿ ಹೊಟ್ಟೆಯ ಒಳ್ಳೇ ಬ್ಯಾಕ್ಟೀರಿಯಾನೂ ಸಾಯ್ತವೆ, ಅಷ್ಟು ದಿನ ಮನೆ ನೋಡ್ಕೊಳ್ಳೋಕೆ ಇವು. ಎಲ್ಲರಿಗೂ ಒಂದೇ ಥರ ಕೆಲಸ ಮಾಡುತ್ತೆ ಅಂತ ಹೇಳಲಾರೆ. ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು ತಗೊಳ್ಳಿ. ಒಟ್ಟಿಗೆ ತಗೊಂಡ್ರೆ ಮಾತ್ರೆ ಇವನ್ನೂ ಮುಗಿಸಿಬಿಡುತ್ತೆ."

"ಟೈಮಿನ ವಿಷಯ ನನಗೆ ಹೇಳಿಕೊಡ್ಬೇಕಾ," ಎಂದು ಅವನು ನಕ್ಕ.

ನಾಲ್ಕನೆಯ ದಿನ ಹೊಟ್ಟೆ ಮತ್ತೆ ಕೈಕೊಟ್ಟಿತು. ಬೆಳಗಿನಿಂದ ಅಂಗಡಿಯ ಹಿಂಬಾಗಿಲಿಗೆ ಎಷ್ಟು ಸಲ ಓಡಿದನೋ ಅವನಿಗೇ ಗೊತ್ತಿಲ್ಲ. ಸುದ್ದಿ ಕೇಳಿ ಅಕ್ಕ ಬಂದಳು. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡನ್ನು ನಡುಗಿಸಿದ ನರ್ಸು ಅವಳು. ನಿವೃತ್ತಿಯ ಮೇಲೆ ಅವಳಿಗೆ ಉಳಿದ ರೋಗಿ ತಮ್ಮನೊಬ್ಬನೇ.

"ಎರಡು ಗಂಟೆ ಬಿಟ್ಟು ತಗೋತಿದೀಯೇನೋ?"

"ಗಡಿಯಾರ ನೋಡ್ಕೊಂಡೇ ತಗೋತೀನಿ."

"ಯಾವ ಗಡಿಯಾರ?"

ಅವನು ತಲೆಯೆತ್ತಿ ನೋಡಿದ. ಗೋಡೆಯ ಮೇಲೆ ಮೂವತ್ತೊಂದು ಗಡಿಯಾರಗಳಿದ್ದವು, ಒಂದರ ಸಮಯ ಇನ್ನೊಂದಕ್ಕಿಲ್ಲ. ರಿಪೇರಿಯಾದದ್ದನ್ನು ಅದು ನಿಂತಿದ್ದ ಗಂಟೆಯಿಂದಲೇ ಹೊರಡಿಸಿ, ಹದಿನಾಲ್ಕು ದಿನ ಮುಳ್ಳು ಮುಟ್ಟದೆ ಓಡಲು ಬಿಡುವುದು ಅವನ ಪದ್ಧತಿ. ದಿನಾ ಬೆಳಿಗ್ಗೆ ರೇಡಿಯೊ ಸಮಯದ ಜೊತೆ ಹೋಲಿಸಿ, ಎಷ್ಟು ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಎಂದು ಚೀಟಿಯಲ್ಲಿ ಗೀಚುತ್ತಾನೆ. ಕೈಗೆ ವಾಚು ಕಟ್ಟುವವನೂ ಅಲ್ಲ. ಮೇಜಿನ ಮುಂದೆ ಕೂತಿದ್ದಾಗ ಒಂದು ಗಡಿಯಾರ ನೋಡಿ ಮಾತ್ರೆ ನುಂಗಿದ್ದ, ಬಾಗಿಲ ಬಳಿ ನಿಂತಿದ್ದಾಗ ಇನ್ನೊಂದನ್ನು ನೋಡಿ ಕ್ಯಾಪ್ಸೂಲು ನುಂಗಿದ್ದ. ನಡುವೆ ಎರಡು ಗಂಟೆಯೋ ಇಪ್ಪತ್ತು ನಿಮಿಷವೋ, ದೇವರೇ ಬಲ್ಲ.

"ಪಾಪ, ಒಳ್ಳೇವನ್ನ ಕರೆಕರೆದು ಕೊಂದಿದೀಯ," ಎಂದಳು ಅಕ್ಕ. "ಒಂದನ್ನಾದ್ರೂ ಸರಿಯಾಗಿಡು."

"ಮುಟ್ಟೋ ಹಾಗಿಲ್ಲ. ಎಲ್ಲ ನಿಗಾದಲ್ಲಿವೆ."

ಮರುದಿನ ಅವಳು ಅಡುಗೆಮನೆಯ ಟೈಮರ್ ತಂದು ಮೇಜಿನ ಮೇಲೆ ಕುಕ್ಕಿದಳು. ಹಳದಿ ಪ್ಲಾಸ್ಟಿಕ್ ಕೋಳಿ. ಕತ್ತು ತಿರುಗಿಸಿದರೆ ಒಂದು ಗಂಟೆಯ ನಂತರ ಕಿರ್ರೆನ್ನುತ್ತಿತ್ತು. ತನ್ನ ಅಂಗಡಿಯಲ್ಲಿ ಇಂಥದ್ದು ಕೂತಿದೆಯಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಎರಡನೆಯ ಗಂಟೆಗೆ ಕತ್ತು ತಿರುಗಿಸಲು ಇವನು ಮರೆಯುತ್ತಾನೆಂದು ಅಕ್ಕ ಬೆಳಿಗ್ಗೆ ಸಂಜೆ ಬಂದು ಕುರ್ಚಿ ಹಿಡಿದು ಕೂತಳು.

ಆರನೆಯ ದಿನ ಹೊಟ್ಟೆನೋವು ಪೂರ್ತಿ ಹೋಗಿತ್ತು, ಹಿಂಬಾಗಿಲ ಓಡಾಟ ಮಾತ್ರ ಸ್ವಲ್ಪ ಉಳಿದಿತ್ತು. ಅವನು ಮಾತ್ರೆಯನ್ನು ದೂರ ಸರಿಸಿದ.

"ನೋವಿಲ್ಲವಲ್ಲಕ್ಕ. ಇನ್ಯಾಕೆ ಈ ಕಾಟ?"

ಅಕ್ಕ ಎಂದಿನಂತೆ ಬೈಯಲಿಲ್ಲ. ಹುಣ್ಣು ಒಡೆದು ರಕ್ತ ಕಾರಿದವರನ್ನು ವಾರ್ಡಿನಲ್ಲಿ ಕಂಡಿದ್ದಳು. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಮೇಷ್ಟ್ರೊಬ್ಬರು ಬಂದು ಗೋಡೆಯತ್ತ ಕೈ ತೋರಿಸಿದರು. "ನನ್ನ ಗಡಿಯಾರ ಚೆನ್ನಾಗೇ ಓಡ್ತಿದೆಯಲ್ಲ. ಇವತ್ತೇ ಕೊಟ್ಟುಬಿಡಿ."

"ಆರು ದಿನ ಓಡಿದ ಮಾತ್ರಕ್ಕೆ ವಾಸಿಯಾಯ್ತು ಅಂತಲ್ಲ ಮೇಷ್ಟ್ರೇ," ರಿಪೇರಿಯವನು ರೇಗಿದ. "ಹದಿನಾಲ್ಕು ಅಂದ್ರೆ ಹದಿನಾಲ್ಕು. ಈಗ ಒಯ್ದರೆ ಮುಂದಿನ ತಿಂಗಳು ಮತ್ತೆ ಹೊತ್ಕೊಂಡು ಬರ್ತೀರಿ. ಆಗ ನನ್ನ ಕೈಲೂ ಆಗದಿದ್ರೆ?"

ಮೇಷ್ಟ್ರು ಗೊಣಗುತ್ತ ಹೋದರು. ಅಕ್ಕ ಕೋಳಿಯ ಕತ್ತಿನ ಮೇಲೆ ಕೈಯಿಟ್ಟು ಕಾದಳು. ಅವನು ಅವಳನ್ನು ನೋಡಿದ, ಮೇಷ್ಟ್ರ ಗಡಿಯಾರವನ್ನು ನೋಡಿದ, ಪೆಚ್ಚಾಗಿ ಮಾತ್ರೆ ನುಂಗಿದ. ಅಕ್ಕ ಕತ್ತು ತಿರುಗಿಸಿದಳು.

ಹತ್ತನೆಯ ದಿನಕ್ಕೆ ಹೊಟ್ಟೆ ತಹಬಂದಿಗೆ ಬಂತು. ಅದು ಕ್ಯಾಪ್ಸೂಲಿನ ಪುಣ್ಯವೋ, ಕೋಳಿಯ ಪುಣ್ಯವೋ, ಹೊಟ್ಟೆಯೇ ಸುಸ್ತಾಗಿ ಸುಮ್ಮನಾಯಿತೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಹದಿನಾಲ್ಕು ದಿನವೂ ಮುಗಿದವು. ತಿಂಗಳ ಮೇಲೆ ಉಸಿರು ಊದಿಸಿ ಪರೀಕ್ಷಿಸಿದಾಗ ಆ ಬ್ಯಾಕ್ಟೀರಿಯಾದ ಸುಳಿವೇ ಇರಲಿಲ್ಲ.

ಈ ಒಂದು ತಿಂಗಳು ಅಕ್ಕ ಅಂಗಡಿಯತ್ತ ಬಂದಿರಲಿಲ್ಲ. ಮೂವತ್ತೊಂದು ಗಡಿಯಾರ ಟಿಕ್ ಟಿಕ್ ಎನ್ನುತ್ತಿದ್ದರೂ ಅವನಿಗೆ ಅಂಗಡಿ ಬಿಕೋ ಎನ್ನಿಸುತ್ತಿತ್ತು. ಫಲಿತಾಂಶ ಕೇಳಿ ಅವಳು ಬಂದಳು, ಕಣ್ಣೊರೆಸಿಕೊಂಡಳು, ಆಮೇಲೆ ಕೈ ಚಾಚಿದಳು.

"ಸರಿ, ನನ್ನ ಕೋಳಿ ಕೊಡು."

ಕೋಳಿ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು.

"ಗಂಟೆಗೆ ಇಪ್ಪತ್ತು ಸೆಕೆಂಡು ಹಿಂದೆ ಬೀಳ್ತಿದೆ ಅಕ್ಕ," ಎಂದ ಅವನು, ತಲೆ ಎತ್ತದೆ. "ಹದಿನಾಲ್ಕು ದಿನ ನಿಗಾದಲ್ಲಿಡಬೇಕು. ಗಂಟೆಗೊಂದ್ಸಲ ಕತ್ತು ತಿರುಗಿಸೋಕೆ ಜನ ಬೇಕು."

ಅಕ್ಕ ಅವನನ್ನು ಒಂದು ಗಳಿಗೆ ನೋಡಿ, ಕುರ್ಚಿ ಎಳೆದುಕೊಂಡು ಕೂತಳು.