ಕಂಬಳಿಯೊಳಗಿನ ಹಿಟ್ಟು

ಆ ಮನೆ ಕಟ್ಟಿದ ಮಹಾನುಭಾವನಿಗೆ ಸೆಕೆಯೊಂದೇ ಗೊತ್ತಿತ್ತು. ಮುಚ್ಚಲು ಬಾರದ ಗವಾಕ್ಷಿಗಳು, ಬರಿಗಾಲಿಗೆ ತಂಪಿರಲೆಂದು ಕಲ್ಲುಹಾಸಿನ ನೆಲ. ಹನ್ನೊಂದು ತಿಂಗಳು ಅವನನ್ನು ಹೊಗಳುತ್ತಿದ್ದ ಬ್ರೆಡ್ಡಿನಾಕೆ ಚಳಿ ಬಿದ್ದ ಈ ವಾರವಿಡೀ ಅವನ ವಂಶವನ್ನೇ ಜಾಲಾಡುತ್ತಿದ್ದಳು. ಮೂಗು ಸೋರುತ್ತಿತ್ತು, ಹಿಮ್ಮಡಿ ಬಿರಿದಿತ್ತು. ಅದೆಲ್ಲ ಹಾಳಾಗಲಿ, ಹಿಟ್ಟು ಉಬ್ಬುತ್ತಿರಲಿಲ್ಲ.

ಇಪ್ಪತ್ತು ಹಾಸಿಗೆಯ ಆಸ್ಪತ್ರೆಗೆ ಎರಡು ದಿನದಿಂದ ಹೋಗುತ್ತಿದ್ದ ಬ್ರೆಡ್ಡು ಇಟ್ಟಿಗೆಯಂತಿತ್ತು. "ಹಲ್ಲು ಕೀಳೋದು ನಮ್ಮ ಡಾಕ್ಟರ ಕೆಲಸಮ್ಮ, ನಿಮ್ಮದಲ್ಲ. ನಾಳೆಯೂ ಹೀಗೇ ಆದ್ರೆ ಬೇರೆಯವರನ್ನ ನೋಡ್ಕೋತೀವಿ," ಎಂದು ನಿನ್ನೆ ಹೇಳಿದ್ದ ಅಲ್ಲಿನ ಅಡುಗೆಮನೆಯ ಮೇಲ್ವಿಚಾರಕ. ಅವಳಿಗಿದ್ದ ಗಿರಾಕಿ ಅದೊಂದೇ. ಗಂಡ ತೀರಿಕೊಂಡ ಮೇಲೆ ಅವಳೂ ಅತ್ತೆಯೂ ಉಣ್ಣುತ್ತಿದ್ದುದು ಅದರಿಂದಲೇ.

ಇಂದು ನಸುಕಿನಲ್ಲಿ ಕಲಸಿದ ಹಿಟ್ಟನ್ನು ಹಿತ್ತಲಿನ ಭಟ್ಟಿಯ ಪಕ್ಕದಲ್ಲಿಟ್ಟಳು. ಒಂದು ಮಗ್ಗುಲು ಬೆಂದೇ ಹೋಯಿತು, ಇನ್ನೊಂದು ಕಲ್ಲಾಗಿ ಕೂತಿತು. ಉಳಿದದ್ದು ಇನ್ನೊಂದೇ ಸಲಕ್ಕಾಗುವ ಹಿಟ್ಟು, ಕೊನೆಯ ಪೊಟ್ಟಣ ಯೀಸ್ಟು. ನೀರು ಕಾಯಿಸಿ ಎಂದಿನಂತೆ ಬೆರಳದ್ದಿ ನೋಡಿದಳು. ಉಗುರುಬೆಚ್ಚಗಿದೆ ಎನ್ನಿಸಿತು. ನೀರಿಗೆ ಹಾಕಿದ ಯೀಸ್ಟು ನೊರೆಯೇಳುವ ತನಕ ಕಾಯುವಷ್ಟು ವ್ಯವಧಾನವೆಲ್ಲಿ? ಸುರಿದು ಕಲಸಿಯೇಬಿಟ್ಟಳು.

"ಇಲ್ಲಿ ತಾರೇ ಅದನ್ನ," ಎಂದರು ಅತ್ತೆ ಮಂಚದಿಂದ. "ಈ ಮನೇಲಿ ಬೆಚ್ಚಗಿರೋದು ನಾನೊಬ್ಬಳೇ."

"ನಿಮಗೇ ಹಲ್ಲು ಕಟಕಟ ಅಂತಿದೆಯಲ್ಲ ಅತ್ತೆ."

"ಇರೋ ನಾಲ್ಕು ಹಲ್ಲು ಏನಾದ್ರೂ ಮಾಡ್ಕೊಳ್ಳಲಿ. ನೀನು ತಾ."

ಮನೆಗಿದ್ದುದು ಒಂದೇ ಕಂಬಳಿ. ಅತ್ತೆ ಬೋಗುಣಿಯನ್ನು ಹೊಟ್ಟೆಗೆ ಅವಚಿಕೊಂಡು ಕಂಬಳಿಯನ್ನೆಲ್ಲ ಅದಕ್ಕೇ ಸುತ್ತಿದರು. ಅವರ ಬೆನ್ನು, ಕಾಲು ಚಳಿಗೆ ಬಯಲಾದವು. ಸೊಸೆ ಪಕ್ಕದಲ್ಲಿ ಕೂತು ತನ್ನ ಕೈಗಳನ್ನೂ ಒಳಗೆ ತೂರಿಸಿದಳು.

ಸ್ವಲ್ಪ ಹೊತ್ತಿಗೆ ಕೈಗೆ ಜೀವ ಬಂತು. ಜೀವದ ಜೊತೆಗೆ ಉರಿಯೂ ಬಂತು. ಹೊರತೆಗೆದು ನೋಡಿದರೆ ನೀರಿಗದ್ದಿದ ಬೆರಳ ತುದಿಯಲ್ಲಿ ಬೊಕ್ಕೆ ಎದ್ದಿತ್ತು. ಮರಗಟ್ಟಿದ ಬೆರಳಿಗೆ ಉಗುರುಬೆಚ್ಚಗೆನಿಸಿದ್ದು ಸುಡುನೀರು! ಬೆರಳನ್ನೇ ಬೇಯಿಸಿದ ನೀರಿನಲ್ಲಿ ಯೀಸ್ಟು ಬದುಕುವುದುಂಟೇ? ಇನ್ನು ಆ ಹಿಟ್ಟನ್ನು ಬಿರುಬಿಸಿಲಲ್ಲಿಟ್ಟರೂ ಉಬ್ಬುವುದಿಲ್ಲ. ಆಸ್ಪತ್ರೆಯ ಗಾಡಿ ಒಂಬತ್ತೂವರೆಗೆ ಬರುತ್ತದೆ, ಅಂಗಡಿ ತೆರೆಯುವುದೇ ಹತ್ತಕ್ಕೆ. ಎಲ್ಲ ಮುಗಿಯಿತು, ತಾನೇ ಕೈಯಾರೆ ಮುಗಿಸಿದೆ ಎಂದು ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಅತ್ತೆಯ ತುಟಿ ನೀಲಿಗಟ್ಟಿತ್ತು. ಆದರೂ ನಡುಗುತ್ತಲೇ ನಕ್ಕರು.

"ಉಬ್ತಿದೆ ಕಣೇ. ಹೊಟ್ಟೆಗೆ ಒತ್ತುತ್ತಾ ಇದೆ. ನಿನ್ನ ಗಂಡ ಒಳಗಿದ್ದಾಗ ಒದೀತಿದ್ನಲ್ಲ, ಹಾಗೇ. ಇನ್ನರ್ಧ ಗಂಟೆ ನಾನು ಅಲ್ಲಾಡಲ್ಲ."

ಸೊಸೆ ಕಂಬಳಿಯ ತುದಿ ಹಿಡಿದು ಎಳೆದಳು.

"ನೀವು ಹೊದ್ಕೊಳ್ಳಿ ಅತ್ತೆ. ಅದು ಸತ್ತುಹೋಗಿದೆ."

ಅತ್ತೆ ಕೇಳದವರಂತೆ ಬೋಗುಣಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು.